ಒಂದು ಚೊಂಬು ನೀರು

ಟ್ಯಾಂಕರ್ ಬರುವುದು ನಿಂತು ವಾರವಾಗಿತ್ತು. ಅಪಾರ್ಟ್‌ಮೆಂಟಿನವರೆಲ್ಲ ಪಾರ್ಕಿಂಗ್ ಜಾಗದಲ್ಲಿ ಸಭೆ ಸೇರಿದ್ದರು. ಅಳುವ ಕೂಸನ್ನು ಎತ್ತಿಕೊಂಡು ಬಾಣಂತಿಯೊಬ್ಬಳು ಎದ್ದು ನಿಂತಳು.

“ಮಗೂಗೆ ಹಾಲಿನ ಪುಡಿ ಕಲಸೋಕೆ ಒಂದು ಚೊಂಬು ನೀರು ಕೊಡ್ತೀರಾ? ಎಷ್ಟಾದ್ರೂ ದುಡ್ಡು ಕೊಡ್ತೀನಿ.”

“ಈಗ ದುಡ್ಡಿಗೆಲ್ಲಮ್ಮಾ ಬೆಲೆ? ನಮ್ಮನೇಲಿ ಒಂದು ತೊಟ್ಟೂ ಇಲ್ಲ,” ಎಂದರು ನಿವೃತ್ತ ಬ್ಯಾಂಕ್ ಮ್ಯಾನೇಜರು.

“ನಮ್ಮನೇಲೂ ಇಲ್ಲ,” ಎಂದರು ಉಳಿದವರೆಲ್ಲ.

“ಹಾಗಾದ್ರೆ ಈ ಮಗು ಯಾರ ಜವಾಬ್ದಾರಿ ಸಾರ್?”

ಸಂಘದ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು.

“ನೋಡಿ, ಈ ಜವಾಬ್ದಾರಿ ನಮಗ್ಯಾಕೆ? ಎಲ್ಲರೂ ಸೇರಿ ಕೈ ತೊಳ್ಕೊಂಡ್ಬಿಡೋಣ.”

ಸಭೆ ಒಮ್ಮತದಿಂದ ಒಪ್ಪಿತು. ಎಲ್ಲರೂ ಮೆಟ್ಟಿಲು ಹತ್ತಿ ತಮ್ಮ ತಮ್ಮ ಮನೆಗೆ ಓಡಿದರು. ಮರುಗಳಿಗೆಯಲ್ಲಿ ಒಬ್ಬೊಬ್ಬರೂ ತುಂಬಿ ತುಳುಕುವ ಬಕೆಟ್ ಹಿಡಿದು ಇಳಿದು ಬಂದರು.