ಹೊಸ್ತಿಲ ಪಾಳಿ

ಹೊಸ್ತಿಲ ಮೇಲೆ ಕೂತರೆ ದರಿದ್ರ ಎಂದು ತವರಿನಲ್ಲಿ ಬೈಸಿಕೊಂಡಿದ್ದ ದ್ಯಾಮವ್ವನಿಗೆ, ಗಂಡನ ಮನೆಗೆ ಬಂದ ದಿನವೇ ಅತ್ತೆ ಹೊಸ್ತಿಲ ಮೇಲೆ ಮಣೆ ಹಾಕಿದ್ದಳು. ಅತ್ತೆ ಹೋದಳು, ಮಣೆ ಉಳಿಯಿತು.

ಊರಿನ ಗೋಡೆಗಳಿಗೆಲ್ಲ ಮೆತ್ತಿದ್ದು, ಬಿರುಕು ಬಿಟ್ಟಲ್ಲಿ ತಾನೇ ಕೂಡಿಕೊಳ್ಳುವ ಗಾರೆ. ಅಣುವಿಗೆ ಅಣು ಜೋಡಿಸಿ ಅದನ್ನು ಹುಟ್ಟಿಸಿದ ಎಐ ಲೆಕ್ಕದಲ್ಲಿ ಬಾಗಿಲೂ ಒಂದು ಬಿರುಕೇ. ಮರದ ಚೌಕಟ್ಟನ್ನೂ ಗಾರೆ ನುಂಗಿಬಿಡುತ್ತಿತ್ತು. ಜೀವ ಇದ್ದವರು ಅಡ್ಡ ಕೂತರೆ ಮಾತ್ರ ಸುಮ್ಮನಿರುತ್ತಿತ್ತು. ಹಾಗಾಗಿ ಓಣಿಯ ಹೆಂಗಸರು ಹೊಸ್ತಿಲ ಮೇಲೇ ಅಕ್ಕಿ ಆರಿಸಿ, ಅಲ್ಲೇ ಉಂಡು, ಅಲ್ಲೇ ಮಲಗಿ, ಎದುರು ಮನೆಯವಳ ಮುಖ ನೋಡುತ್ತ ಮುದುಕಿಯರಾಗುತ್ತಿದ್ದರು.

ಒಂದು ಮಧ್ಯಾಹ್ನ ದ್ಯಾಮವ್ವನಿಗೆ ಆಸ್ಪತ್ರೆಯಿಂದ ಫೋನ್ ಬಂತು. ತಂಗಿಗೆ ಹೆರಿಗೆ ನೋವು ಶುರುವಾಗಿ, ಅಕ್ಕ ಬೇಕು ಅಂತ ಅಳುತ್ತಿದ್ದಳಂತೆ.

“ಏನ್ರೀ, ಚೂರು ಬಾಗಲ್ದಾಗ ಕುಂದರ್ತೀರೇನು? ತಂಗೀನ್ನ ನೋಡ್ಕೊಂಡು ಬರ್ತೀನಿ,” ಎಂದು ಒಳಗೆ ಮಲಗಿದ್ದ ಗಂಡನನ್ನು ಕೇಳಿದಳು.

“ಅದು ಗಂಡಸ್ರು ಮಾಡೋ ಕೆಲ್ಸೇನು? ಸುಮ್ನ ಕುಂದ್ರು.” ಅವನು ಮಗ್ಗುಲು ಬದಲಿಸಿದ.

ಎದುರು ಹೊಸ್ತಿಲಿನ ಮಾಬೂಬಿ ಎಲ್ಲ ಕೇಳಿಸಿಕೊಂಡಳು. “ನಾನ ಬಂದು ಕುಂದರ್ತಿದ್ದೆ ಯಕ್ಕಾ. ನನ್ನ ಬಾಗ್ಲಕ್ಕ ಯಾರದಾರ?”

ದ್ಯಾಮವ್ವ ಎದ್ದೇಬಿಟ್ಟಳು. ತಿರುಗಿ ನೋಡದೆ ಓಣಿ ದಾಟಿದಳು.

ಗಾರೆ ಸರಿಯುವ ಸದ್ದಿಗೆ ಗಂಡ ಎದ್ದುಬಿದ್ದು ಓಡಿಬಂದು, ಮುಚ್ಚುತ್ತಿದ್ದ ಸಂದಿಯಲ್ಲಿ ಮೈ ತುರುಕಿ, ಮಣೆಯ ಮೇಲೆ ಕುಸಿದ. ಗಾರೆ ಅಲ್ಲಿಗೇ ನಿಂತಿತು.

ಉಸಿರು ಹತೋಟಿಗೆ ಬಂದ ಮೇಲೆ ಮಾಬೂಬಿಯನ್ನು ಕೇಳಿದ: “ಹಿಂಗ ಎಷ್ಟೊತ್ತು ಕುಂದರಬೇಕವ್ವಾ?”

ಮಾಬೂಬಿ ಮೊರದಿಂದ ತಲೆ ಎತ್ತಲಿಲ್ಲ.

“ಗೊತ್ತಿಲ್ರೀ ಅಣ್ಣಾರ. ನಾವಿನ್ನೂ ಎದ್ದಿಲ್ಲ.”