ಹಳ್ಳದ ನೀರಿನಲ್ಲಿ ಸೈಕಲ್

ಇವತ್ತು ಮಗನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸುವಾಗ, ಮಳೆಗೆ ನೆನೆದ ಕಬ್ಬಿಣದ ವಾಸನೆ ಬಡಿದು ಆ ಮಧ್ಯಾಹ್ನ ನೆನಪಾಯಿತು.

ಅಪ್ಪ ನಮ್ಮಿಬ್ಬರನ್ನೂ ಕುಂದಗೋಳಕ್ಕೆ ಗಿರಮಿಟ್ ತಿನ್ನಿಸಲು ಕರೆದೊಯ್ದಿದ್ದ. ತಮ್ಮ ಮುಂದಿನ ಪೈಪಿನ ಮೇಲೆ, ನಾನು ಹಿಂದೆ. ಊರಿಗೆ ಮರಳುವಷ್ಟರಲ್ಲಿ ಮೇಲೆಲ್ಲೋ ಮಳೆಯಾಗಿ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಎರೆಮಣ್ಣು ಕದಡಿದ ಕಪ್ಪು ನೀರು, ತಳ ಕಾಣುತ್ತಿರಲಿಲ್ಲ.

ಅಪ್ಪ ಹೆಗಲ ಮೇಲಿನ ಟಾವೆಲ್ಲಿನಿಂದ ನನ್ನನ್ನು ಸೀಟಿಗೆ ಬಿಗಿದ. "ಓಂ ನಮಃ ಶಿವಾಯ ಅನ್ಕೋತ ಕುಂದ್ರವ್ವಾ. ಜೋರಾಗಿ ಅನ್ನು, ಬಾಯಿ ಮುಚ್ಚಬ್ಯಾಡ."

"ಶಿವಗ ಕೇಳಸ್ತೈತೇನಪ್ಪಾ?"

"ಕೇಳಸ್ತೈತಿ. ನೀ ನಿಲ್ಲಿಸಬ್ಯಾಡ."

ಅಪ್ಪ ಸೈಕಲ್ ನೂಕುತ್ತ ನೀರಿಗಿಳಿದ. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ತಮ್ಮನ ಎದೆಯ ಮೇಲೆ, ಕಣ್ಣು ನೀರಿನ ಮೇಲೆ. ಹಿಂದೆ ಕೂತ ನನ್ನತ್ತ ತಿರುಗಿ ನೋಡುವಂತಿರಲಿಲ್ಲ. ತಣ್ಣನೆಯ ನೀರು ನನ್ನ ಪಾದಕ್ಕೆ ತಾಗಿತು. ನಡುಹಳ್ಳದಲ್ಲಿ ನನ್ನ ಒಂದು ಚಪ್ಪಲಿ ಕಳಚಿ, ಸುತ್ತು ತಿರುಗಿ, ಮಾಯವಾಯಿತು. ನನ್ನ ದನಿ ಅಡಗಿತು.

ಸೈಕಲ್ ಗಕ್ಕನೆ ನಿಂತಿತು.

"ಅನ್ನಬೇ! ಯಾಕ ನಿಲ್ಲಿಸಿದಿ? ಅನ್ನಬೇ!"

ಅಪ್ಪ ಹಾಗೆ ಒದರಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನೀರಿಗಿಂತ ಆ ಒದರಾಟಕ್ಕೇ ಹೆದರಿ, ಅಳುತ್ತಲೇ ಮತ್ತೆ ಶುರುಮಾಡಿದೆ.

ದಂಡೆ ಹತ್ತಿದ ಮೇಲೆ ಗಂಟಲು ಒಣಗಿ ಸುಮ್ಮನಾದೆ. ಅಪ್ಪ ಸೈಕಲ್ ಹತ್ತಿದ.

"ದಾಟಿದ್ವಲ್ಲಪ್ಪಾ, ಇನ್ನ ಸಾಕಲ್ಲ?"

"ಇನ್ನಷ್ಟು ಅನ್ನವ್ವಾ," ಎಂದ. ದನಿ ತೀರಾ ಸಣ್ಣಗಾಗಿತ್ತು. "ಮನಿ ಬರೂತನಾ ಅನ್ನು."