ಹುಲಿ, ಜಿಂಕೆ, ಮಂಗಟ್ಟೆ

"ಡ್ರೈವರ್ ನಮ್ಮಂವ ಅಲ್ಲ," ಎಂದು ಶೇಖಪ್ಪ ಪಿಸುಗುಟ್ಟಿದ. "ಕೈಬಿಡು."

ಶಿವಯೋಗಿ ಅಂಗಿಯ ಜೇಬು ಮುಟ್ಟಿಕೊಂಡ. ಅದರಲ್ಲಿ ಕರವಸ್ತ್ರವಿತ್ತು. ಹದಿನೈದು ದಿನ ಕೂತು ತಾನೇ ಕಸೂತಿ ಹಾಕಿದ್ದು. ಟೀ ಅಂಗಡಿಯಾಚೆ ಜೀಪಿನ ಗಾಜು ಒರೆಸುತ್ತಿದ್ದ ಕಾಯತಾನನಿಗೆ ಇವತ್ತು ಕೊಟ್ಟೇ ಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ.

"ನಿಮಗ ಹೆಂಗ ಗೊತ್ತು, ಅಣ್ಣಾ?"

"ಆ ತೋಳು ನೋಡು. ಸೋಡಾ ಬಾಟ್ಲಿ ಹಲ್ಲಿಲೆ ತಗಿಯೋ ಮನಿಷ್ಯಾ. ಅಂಥವರು ಗಂಡಸರಿಗೆ ಮನಸು ಕೊಡತಾರೇನು?"

ಗಂಡಸರಿಗೇ ಮನಸ್ಸು ಕೊಟ್ಟ ಮೂವರ ಗುಂಪು ಅದು. ತಿಂಗಳಿಗೊಮ್ಮೆ ದಾಂಡೇಲಿಯಿಂದ ಕುಳಗಿ ಕಾಡಿಗೆ ಹೋಗುತ್ತಾರೆ; ಮನೆಯಲ್ಲಿ ಭಜನೆ ಎಂದು ಹೇಳಿ ಬರುತ್ತಾರೆ. ಜೀಪು ಪ್ರತಿಸಲವೂ ಕಾಯತಾನನದೇ. ಅವನು ಹಳಿಯಾಳ ಕಡೆಯ ಸಿದ್ದಿ ಜನಾಂಗದವನು, ಮಾತು ಕಡಿಮೆ. ಕಟ್ಟಿಗೆ ಮಿಲ್ಲಿನ ಮೇಸ್ತ್ರಿ ಶೇಖಪ್ಪ ಗುಂಪಿನ ಹಿರಿಯ. ಮೀಸೆ ಎಂದರೆ ಮೀಸೆ.

ಯಾರನ್ನೇ ಆಗಲಿ ಎರಡು ನಿಮಿಷ ನೋಡಿ ಒಂದು ಹೆಸರಿಟ್ಟುಬಿಡುವುದು ಶೇಖಪ್ಪನ ಚಟ. ಗಡಸು ಗಂಡಸು ಹುಲಿ. ನಾಜೂಕಿನವನು ಜಿಂಕೆ. ಗುಂಪಿನ ಮೂರನೆಯವ, ಮೆತ್ತಗಿನ ದನಿಯ ಅಂದಾನೆಪ್ಪ ಜಿಂಕೆಯಾದ, ಕಬಡ್ಡಿಗಿಳಿದರೆ ನಾಲ್ವರನ್ನು ಎಳೆದು ತರುವವನಾದರೂ. ಪೇಪರ್ ಮಿಲ್ಲಿನಲ್ಲಿ ಕ್ರೇನ್ ನಡೆಸುವ, ಮನೆಗೆ ಬಂದು ಸೂಜಿ ಹಿಡಿಯುವ ಶಿವಯೋಗಿಯನ್ನು ಎಲ್ಲಿ ಸೇರಿಸುವುದೋ ತಿಳಿಯದೆ ಮಂಗಟ್ಟೆ ಹಕ್ಕಿ ಮಾಡಿದ್ದ. ತನಗೆ ಹೆಸರಿಡಲು ಮಾತ್ರ ಶೇಖಪ್ಪ ವಿಚಾರವನ್ನೇ ಮಾಡಿರಲಿಲ್ಲ: ಹುಲಿ.

ಮಂಗಟ್ಟೆ ಎಂದಾಗೆಲ್ಲ ಶಿವಯೋಗಿಗೆ ಬೇಜಾರು. ಆದರೂ ಹಿರಿಯನ ಮಾತು ಮೀರಲು ಭಯ. ಕಾಯತಾನ ನಿಜಕ್ಕೂ ಅಂಥವನಲ್ಲದಿದ್ದರೆ, ಕರವಸ್ತ್ರ ಕೈಸೇರಿದ ಸಂಜೆಯೇ ದಾಂಡೇಲಿಯ ತುಂಬ ಸುದ್ದಿ.

ಜೀಪು ಹೊರಟಿತು. ಶೇಖಪ್ಪ ಎಂದಿನಂತೆ ಮುಂದಿನ ಸೀಟಿನಲ್ಲಿ. ಹಿಂದೆ ಕೂತರೆ ವಾಂತಿ ಬರುತ್ತದಂತೆ. ಬೆಳಗಿನ ಚಳಿಗೆ ಮುಖ ಮರಗಟ್ಟುತ್ತಿತ್ತು. ಕಾಯತಾನ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದೇ ಸೀಟಿನಡಿಯಿಂದ ಮಫ್ಲರ್ ಎಳೆದು ಪಕ್ಕಕ್ಕೆ ಹಾಕಿದ. ಶೇಖಪ್ಪ ಅತ್ತ ನೋಡದೆಯೇ ಸುತ್ತಿಕೊಂಡ. ಹಿಂದೆ ಶಿವಯೋಗಿ ನಡುಗುತ್ತ ಕೂತಿದ್ದ. ಅವನಿಗೆ ಯಾರೂ ಮಫ್ಲರ್ ಕೊಡಲಿಲ್ಲ.

ಕುಳಗಿ ಗೇಟಿನಲ್ಲಿ ಹೊಸದಾಗಿ ಬಂದ ಗಾರ್ಡ್ ಸಹನಾ ರಿಜಿಸ್ಟರು ತೆರೆದಳು. ಕಾಡಿನೊಳಗೆ ಹೋಗುವ ಒಬ್ಬೊಬ್ಬರ ಹೆಸರೂ ಅದರಲ್ಲಿ ಬರಬೇಕು. ಶೇಖಪ್ಪ ಅಂದಾನೆಪ್ಪನ ಹೆಸರು, ಶಿವಯೋಗಿಯ ಹೆಸರು ಗಟ್ಟಿಯಾಗಿ ಹೇಳಿ ಬರೆಸಿದ.

"ಡ್ರೈವರ್ ಹೆಸರೇನ್ರೀ?"

ಶೇಖಪ್ಪ ಕೆಮ್ಮಿದ. "ಏ ಶಿವಯೋಗಿ, ನೀ ಹೇಳೋ. ನಾ ನೀರು ಕುಡದು ಬರ್ತೇನಿ."

"ಕಾಯತಾನ," ಎಂದ ಶಿವಯೋಗಿ. ಆ ಹೆಸರು ಹೇಳುವುದೇ ಅವನಿಗೊಂದು ಸುಖ.

ಸಹನಾ ಕಾಯತಾನನತ್ತ ತಿರುಗಿದಳು. "ನೀರು ಕುಡಿಯಾಕ ಹೋದ್ರಲ್ಲ, ಅವರ ಹೆಸರು?"

ಕಾಯತಾನ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅವರು... ಮೀಸಿಯವರು ರೀ."

"ಮೀಸಿ ಅಂತ ಬರಕೊಳ್ಳಲೇನು?"

"ಅಂದಾನೆಪ್ಪನ್ನ ಕೇಳ್ರಿ."

ಅಂದಾನೆಪ್ಪ ಹೇಳಿದ. ಸಹನಾ ಬರೆದುಕೊಳ್ಳುತ್ತಲೇ ನಕ್ಕಳು. "ಇಬ್ಬರದೂ ನಮ್ಮವ್ವನ ಕಥಿ ಆತು. ರೇಶನ್ ಅಂಗಡ್ಯಾಗ ಅಪ್ಪನ ಹೆಸರು ಕೇಳಿದ್ರ, ಗಂಡನ ಹೆಸರು ಹೆಂಗ ಹೇಳ್ಲಿ ಅಂತ ನನ್ನ ಮುಂದ ದೂಡ್ತಿದ್ಲು."

ಅವಳು ಸುಮ್ಮನೆ ಅಂದದ್ದು. ಶಿವಯೋಗಿಯ ಕೈ ಜೇಬಿನಲ್ಲೇ ನಿಂತಿತು.

ಒಂದು ವರ್ಷದಿಂದ ಈ ಜೀಪಿನಲ್ಲಿ ಬರುತ್ತಿದ್ದಾನೆ. ಶೇಖಪ್ಪನ ಬಾಯಲ್ಲಿ ಬರೀ 'ಡ್ರೈವರ್'. ಡ್ರೈವರನ ಬಾಯಲ್ಲಿ ಬರೀ 'ಅವರು'. ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳಿದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ಹೊಟ್ಟೆ ಉರಿಯಿತು. ಹದಿನೈದು ದಿನದ ಕಸೂತಿ! ಆಮೇಲೆ, ಕಿವಿಯವರೆಗೆ ಕೆಂಪಾಗಿ ನಲ್ಲಿಯ ಹತ್ತಿರ ನಿಂತ ಹುಲಿಯನ್ನು ನೋಡಿ, ನಗು ತಡೆಯಲಾಗಲಿಲ್ಲ. ಹೋಗಿ ಕರವಸ್ತ್ರ ಮುಂದೆ ಹಿಡಿದ.

"ಮಾರಿ ಒರಸ್ಕೋರಿ ಅಣ್ಣಾ. ಖರೇ ಹೇಳಿದ್ರಿ, ಡ್ರೈವರ್ ನಮ್ಮಂವ ಅಲ್ಲ. ನಿಮ್ಮಂವ."

ಶೇಖಪ್ಪ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡ.

"ಇಬ್ಬರೂ ಹೆಸರು ಹೇಳಂಗಿಲ್ಲ," ಶಿವಯೋಗಿ ಬಿಡಲಿಲ್ಲ. "ಹಂಗಾದ್ರ ನಿಮ್ಮೊಳಗ ಹುಲಿ ಯಾರು, ಜಿಂಕಿ ಯಾರು?"

"ಬರೂ ಯುಗಾದಿಗೆ ಒಂಬತ್ತು ವರ್ಷ ಆಗತೈತಿ," ಎಂದ ಶೇಖಪ್ಪ ಮಫ್ಲರಿನೊಳಗಿಂದಲೇ, "ನಮಗಿನ್ನೂ ತಿಳಿದಿಲ್ಲೋ."